ಪರಾವಲಂಬಿಗಳ ಪ್ರಯೋಗಾಲಯದಲ್ಲಿ ಸೋಂಕು ತಗಲದಂತೆ, ತಗಲಿದರೆ ತಡವಾಗದಂತೆ

ಪರಾವಲಂಬಿ ಜೀವಿಗಳ ಮೇಲೆ ಸಂಶೋಧನೆ ನಡೆಸುವವರಲ್ಲಿ ಒಂದು ಬಗೆಯ ನಿರಾಳತೆ ಇರುತ್ತದೆ. ಕ್ಷಯದ ಬ್ಯಾಕ್ಟೀರಿಯಾದಂತೆ ಇವು ಉಸಿರಿನ ಜೊತೆ ಒಳಗೆ ಹೋಗುವುದು ತೀರ ಅಪರೂಪ. ಬಹಳಷ್ಟಕ್ಕೆ ಸೊಳ್ಳೆಯೋ ತಿಗಣೆಯೋ ಬಸವನಹುಳುವೋ ಮಧ್ಯವರ್ತಿಯಾಗಿ ಬೇಕು. ಆ ಮಧ್ಯವರ್ತಿ ಪ್ರಯೋಗಾಲಯದಲ್ಲಿ ಇಲ್ಲವಲ್ಲ ಎಂಬುದು ಆ ನಿರಾಳತೆಯ ಮೂಲ. ಆದರೆ ಪ್ರಯೋಗಾಲಯದಲ್ಲಿ ಸೊಳ್ಳೆಯ ಕೆಲಸವನ್ನು ಸೂಜಿಯೇ ಮಾಡಿ ಮುಗಿಸುತ್ತದೆ. ಪ್ರಕಟವಾದ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಹೆಸರುಗಳು ನಾಲ್ಕು: ಚಾಗಸ್ ಕಾಯಿಲೆಯ ಟ್ರಿಪನೊಸೋಮಾ ಕ್ರೂಜಿ, ಬೆಕ್ಕಿನ ಮೂಲಕ ಹರಡುವ ಟಾಕ್ಸೊಪ್ಲಾಸ್ಮಾ, ಮಲೇರಿಯಾದ ಪ್ಲಾಸ್ಮೋಡಿಯಂ ಮತ್ತು ಕಾಲಾ ಅಜಾರ್ ತರುವ ಲೀಶ್ಮೇನಿಯಾ. ಸೂಜಿ ಚುಚ್ಚಿಕೊಂಡದ್ದು ಗೊತ್ತಿದ್ದವರು ಕೆಲವರು. ಯಾವಾಗ, ಹೇಗೆ ತಗಲಿತು ಎಂಬುದೇ ನೆನಪಿಲ್ಲದವರು ಇನ್ನು ಕೆಲವರು.

ಈ ಲೇಖನ ಇಂಥ ಪ್ರಯೋಗಾಲಯಕ್ಕೆ ಹೊಸದಾಗಿ ಸೇರುವ ವಿದ್ಯಾರ್ಥಿಗಳಿಗೆ, ತಂತ್ರಜ್ಞರಿಗೆ, ಪ್ರಾಣಿಗಳ ಆರೈಕೆ ಮತ್ತು ಶುಚಿಗೊಳಿಸುವ ಕೆಲಸ ಮಾಡುವವರಿಗೆ, ಹಾಗೆಯೇ ಅವರ ಹೊಣೆ ಹೊತ್ತ ಮುಖ್ಯಸ್ಥರಿಗೆ. ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ನಿಯಮಗಳ ಜಾಗವನ್ನು ಇದು ತುಂಬುವುದಿಲ್ಲ. ಆ ನಿಯಮಗಳು ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಮತ್ತು ವೈರಸ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅವು ಬಿಟ್ಟುಹೋದ ಜಾಗಗಳನ್ನೇ ಇಲ್ಲಿ ಹಿಡಿದಿದ್ದೇನೆ.

ಮೊದಲ ಹೆಜ್ಜೆ: ಜೀವಿಯ ಹೆಸರು ಸಾಲದು, ಹಂತ ಗುರುತಿಸಿ

ಬ್ಯಾಕ್ಟೀರಿಯಾಕ್ಕೂ ಪರಾವಲಂಬಿಗೂ ಇರುವ ದೊಡ್ಡ ವ್ಯತ್ಯಾಸವೆಂದರೆ, ಪರಾವಲಂಬಿಯೊಂದು ತನ್ನ ಜೀವನಚಕ್ರದಲ್ಲಿ ರೂಪ ಬದಲಿಸುತ್ತ ಹೋಗುತ್ತದೆ. ಒಂದು ರೂಪ ಮನುಷ್ಯನಿಗೆ ತಗಲುತ್ತದೆ, ಇನ್ನೊಂದು ತಗಲುವುದಿಲ್ಲ. ಹಾಗಾಗಿ ಕೆಲಸ ಶುರುಮಾಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ "ಇದು ಯಾವ ಜೀವಿ?" ಎಂದಷ್ಟೇ ಅಲ್ಲ, "ನನ್ನ ಕೈಯಲ್ಲಿರುವುದು ಅದರ ಯಾವ ಹಂತ?" ಎಂದೂ ಹೌದು. ಅಪಾಯದ ಅಂದಾಜು, ಬಳಸಬೇಕಾದ ಸೋಂಕುನಿವಾರಕ, ಅಪಘಾತವಾದರೆ ಕೊಡಬೇಕಾದ ಔಷಧಿ ಎಲ್ಲವೂ ಈ ಪ್ರಶ್ನೆಯ ಉತ್ತರದ ಮೇಲೆ ನಿಂತಿವೆ.

ಮಲ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ತಾಜಾ ಮಲದಲ್ಲಿ ಕಾಣುವ ಜಂತುಹುಳುವಿನ ಮೊಟ್ಟೆ ಆ ಕ್ಷಣಕ್ಕೆ ನಿರುಪದ್ರವಿ. ಅದರೊಳಗೆ ಮರಿ ಬೆಳೆಯಲು ಹೊರಗೆ ಎರಡು ಮೂರು ವಾರ ಬೇಕು. ಆದರೆ ಹಂದಿ ಲಾಡಿಹುಳುವಿನ ಮೊಟ್ಟೆ ಹೊರಬಿದ್ದ ಕ್ಷಣದಿಂದಲೇ ಸೋಂಕು ತರಬಲ್ಲದು. ಅದು ಬಾಯಿಗೆ ಹೋದರೆ ಕರುಳಿನಲ್ಲಿ ಹುಳುವಾಗಿ ಉಳಿಯುವುದಿಲ್ಲ. ಮಿದುಳು, ಸ್ನಾಯುಗಳಲ್ಲಿ ಗುಳ್ಳೆಯಾಗಿ ಕೂರುತ್ತದೆ. ಬೇಧಿ ತರುವ ಜಿಯಾರ್ಡಿಯಾ, ಕ್ರಿಪ್ಟೊಸ್ಪೊರಿಡಿಯಂಗಳೂ ಹಾಗೆಯೇ, ಹೊರಬಿದ್ದ ಕೂಡಲೇ ತಗಲಬಲ್ಲವು. 1950ರ ದಶಕದಲ್ಲಿ ಸ್ವಯಂಸೇವಕರ ಮೇಲೆ ನಡೆದ ಪ್ರಯೋಗಗಳಲ್ಲಿ ಜಿಯಾರ್ಡಿಯಾದ, ಗಟ್ಟಿ ಕವಚ ತೊಟ್ಟ ಹತ್ತು ಸಿಸ್ಟ್‌ಗಳೇ ಸೋಂಕು ತಂದಿದ್ದವು. ಹತ್ತು ಸಿಸ್ಟ್ ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿ.

ಬೆಕ್ಕಿನ ಮಲದಲ್ಲಿ ಬರುವ ಟಾಕ್ಸೊಪ್ಲಾಸ್ಮಾದ, ಮೊಟ್ಟೆಯಂಥ ಗಟ್ಟಿ ಕವಚದ ಊಸಿಸ್ಟ್‌ಗಳು ಸೋಂಕು ತರುವ ಸ್ಥಿತಿಗೆ ಬರಲು 1ರಿಂದ 5 ದಿನ ಹಿಡಿಯುತ್ತದೆ. ಆದ್ದರಿಂದ ಪ್ರಯೋಗದ ಬೆಕ್ಕುಗಳ ಗೂಡನ್ನು ದಿನವೂ, 24 ಗಂಟೆ ಮೀರದಂತೆ ಶುಚಿಗೊಳಿಸಿದರೆ ಅಪಾಯದ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ವಾರಾಂತ್ಯದ ರಜೆಯಲ್ಲಿ ಎರಡು ದಿನ ಹಾಗೆಯೇ ಬಿಟ್ಟ ಗೂಡು ಬೇರೆಯೇ ಮಾತು.

ಮಲೇರಿಯಾದ ಸೊಳ್ಳೆಗಳ ವಿಷಯವೂ ಹೀಗೆಯೇ. ಸೋಂಕಿತ ರಕ್ತ ಕುಡಿದ ಮೊದಲ ವಾರದಲ್ಲಿ ಪರಾವಲಂಬಿ ಸೊಳ್ಳೆಯ ಕರುಳಿನ ಗೋಡೆಯಲ್ಲಿ ಬೆಳೆಯುತ್ತಿರುತ್ತದೆ. ಆಗ ಅದು ಕಚ್ಚಿದರೆ ಮಲೇರಿಯಾ ಬರುವುದಿಲ್ಲ. ಸುಮಾರು ಎರಡು ವಾರದ ಹೊತ್ತಿಗೆ ಸ್ಪೊರೊಜೊಯ್ಟ್ ಎಂಬ ಸೋಂಕು ತರುವ ರೂಪಗಳು ಜೊಲ್ಲುಗ್ರಂಥಿ ಸೇರಿದ ಮೇಲೆ ಅದೇ ಸೊಳ್ಳೆಯ ಒಂದು ಕಡಿತ ಸಾಕು. ಸೊಳ್ಳೆಗೂಡಿನ ಮೇಲೆ ರಕ್ತ ಕುಡಿಸಿದ ದಿನಾಂಕ ಬರೆದಿರಬೇಕು ಎಂದು ಹಿರಿಯರು ಹಟ ಹಿಡಿಯುವುದು ಪ್ರಯೋಗದ ಲೆಕ್ಕಕ್ಕಷ್ಟೇ ಅಲ್ಲ.

ಹೊಸಬರಿಗೆ ಅಚ್ಚರಿ ತರುವ ಸಂಗತಿ ಮತ್ತೊಂದಿದೆ. ಲೀಶ್ಮೇನಿಯಾ ಮತ್ತು ಟ್ರಿಪನೊಸೋಮಾ ಕ್ರೂಜಿಯನ್ನು ಪೋಷಕ ದ್ರವದಲ್ಲಿ ಬೆಳೆಸುವ ಕಲ್ಚರ್‌ಗಳಲ್ಲಿ ಚುರುಕಾಗಿ ಬೆಳೆಯುತ್ತಿರುವ ತಾಜಾ ಕಲ್ಚರ್‌ಗಿಂತ, ಬೆಳವಣಿಗೆ ನಿಂತ ಹಳೆಯ ಕಲ್ಚರ್ ಹೆಚ್ಚು ಅಪಾಯಕಾರಿ. ಆಹಾರ ಮುಗಿಯುತ್ತ ಬಂದಂತೆ ಸೋಂಕು ತರಬಲ್ಲ ಮೆಟಾಸೈಕ್ಲಿಕ್ ರೂಪಗಳು ಹೆಚ್ಚುತ್ತವೆ. "ಹಳೆಯದು, ಹೇಗೂ ಎಸೆಯುವುದು ತಾನೆ" ಎಂದು ಕೈಗವಸಿಲ್ಲದೆ ಎತ್ತಿಕೊಳ್ಳುವ ಫ್ಲಾಸ್ಕ್ ಅದೇ ಆಗಿರುತ್ತದೆ.

ಮನುಷ್ಯನಿಗೆ ತಗಲದ ಪ್ರಭೇದ ಎಂಬ ಮಾತನ್ನೂ ಅಷ್ಟು ಸುಲಭವಾಗಿ ನಂಬಬೇಡಿ. 1960ರಲ್ಲಿ ಅಮೆರಿಕದ ಮೆಂಫಿಸ್‌ನ ಪ್ರಯೋಗಾಲಯದಲ್ಲಿ ಕೋತಿಗಳ ಮಲೇರಿಯಾವಾದ ಪ್ಲಾಸ್ಮೋಡಿಯಂ ಸೈನೊಮಾಲ್ಗಿಯ ಮೇಲೆ ಕೆಲಸ ಮಾಡುತ್ತಿದ್ದವರಿಗೆ ಸೊಳ್ಳೆ ಕಚ್ಚಿ ಅದೇ ಮಲೇರಿಯಾ ಬಂತು. ಅದು ಮನುಷ್ಯನಿಗೆ ತಗಲುತ್ತದೆ ಎಂದು ಗೊತ್ತಾದದ್ದೇ ಹಾಗೆ. ಈಗ ಜೀನ್ ಬದಲಾಯಿಸಿದ ತಳಿಗಳ ಕಾಲ. ಜಾನುವಾರುಗಳಿಗೆ ಕಾಯಿಲೆ ತರುವ ಟ್ರಿಪನೊಸೋಮಾ ಬ್ರೂಸಿ ಬ್ರೂಸಿಯನ್ನು ನಮ್ಮ ರಕ್ತದಲ್ಲಿರುವ ಅಪೊಎಲ್1 ಎಂಬ ಪ್ರೋಟೀನ್ ಕೊಂದುಹಾಕುತ್ತದೆ, ಆದ್ದರಿಂದ ಅದರೊಂದಿಗೆ ಕೆಲಸ ಮಾಡುವವರು ಧೈರ್ಯವಾಗಿರುತ್ತಾರೆ. ಅದಕ್ಕೆ ಎಸ್‌ಆರ್‌ಎ ಎಂಬ ಒಂದೇ ಒಂದು ಜೀನ್ ಸೇರಿಸಿದರೆ ಆ ರಕ್ಷಣೆ ಹೋಯಿತು. ತಳಿಗೆ ಏನನ್ನು ಸೇರಿಸಲಾಗಿದೆ ಎಂದು ತಿಳಿಯದೆ ಟ್ಯೂಬ್ ಮುಟ್ಟಬಾರದು.

ಎರಡನೆಯ ಹೆಜ್ಜೆ: ಅಪಘಾತಕ್ಕೆ ಮೊದಲೇ ಚೀಟಿ ಬರೆದಿಡಿ

ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಇದೊಂದನ್ನು ಪಾಲಿಸಿದರೂ ಸಾಕು. ಸೂಜಿ ಚುಚ್ಚಿಕೊಂಡವರು ತುರ್ತು ಚಿಕಿತ್ಸೆಗೆ ಹೋದಾಗ ಎದುರಿಗಿರುವ ವೈದ್ಯರು ಆ ಪರಾವಲಂಬಿಯನ್ನು ಪಠ್ಯಪುಸ್ತಕದ ನಂತರ ಕಂಡಿರುವ ಸಂಭವ ಕಡಿಮೆ. ಗಾಬರಿಯಲ್ಲಿರುವ ವಿದ್ಯಾರ್ಥಿಗೆ ತಳಿಯ ಹೆಸರೂ ನೆನಪಾಗುವುದಿಲ್ಲ. ಆದ್ದರಿಂದ ಪ್ರತಿ ಜೀವಿಗೂ ಒಂದು ಪುಟದ ಚೀಟಿ ಬರೆದು, ಬಾಗಿಲ ಬಳಿ ತೂಗುಹಾಕಿ, ಒಂದು ಪ್ರತಿಯನ್ನು ಮೊಬೈಲ್‌ನಲ್ಲೂ ಇಟ್ಟುಕೊಳ್ಳಿ.

ಅದರಲ್ಲಿ ಇರಬೇಕಾದದ್ದು ಇಷ್ಟು: ಪ್ರಭೇದ, ತಳಿ, ಕೆಲಸದಲ್ಲಿ ಬಳಸುವ ಹಂತ, ಯಾವ ಔಷಧಿಗಳಿಗೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ, ಸೇರಿಸಿದ ಜೀನ್‌ಗಳು, ಅದನ್ನು ಬೆಳೆಸುವ ರಕ್ತ ಅಥವಾ ಜೀವಕೋಶದ ಮೂಲ, ಮೊದಲ ಚಿಕಿತ್ಸೆಯ ಔಷಧಿ, ಆ ಔಷಧಿ ಎಲ್ಲಿ ಸಿಗುತ್ತದೆ, ಯಾರಿಗೆ ಕರೆ ಮಾಡಬೇಕು.

ಔಷಧ ನಿರೋಧದ ಸಾಲು ಯಾಕೆ ಮುಖ್ಯವೆಂದರೆ, ಫಾಲ್ಸಿಪೇರಮ್ ಮಲೇರಿಯಾದ 3ಡಿ7 ತಳಿ ಕ್ಲೋರೊಕ್ವಿನ್‌ಗೆ ಸಾಯುತ್ತದೆ, ಡಿಡಿ2 ಸಾಯುವುದಿಲ್ಲ. ಎರಡೂ ಒಂದೇ ಇನ್‌ಕ್ಯುಬೇಟರ್‌ನಲ್ಲಿ ಅಕ್ಕಪಕ್ಕ ಇರುತ್ತವೆ. ಜೀನ್ ಬದಲಾಯಿಸಿದ ತಳಿಗಳನ್ನು ಆರಿಸಲು ಔಷಧ ನಿರೋಧದ ಜೀನನ್ನೇ ಗುರುತಾಗಿ ಸೇರಿಸುವುದು ರೂಢಿ. ಅಂದರೆ ಚಿಕಿತ್ಸೆಯ ಒಂದು ದಾರಿಯನ್ನು ನಾವೇ ಮುಚ್ಚಿರುತ್ತೇವೆ. "ಔಷಧಿ ಎಲ್ಲಿ ಸಿಗುತ್ತದೆ" ಎಂಬ ಸಾಲೂ ಅಲಂಕಾರಕ್ಕಲ್ಲ. ಚಾಗಸ್‌ಗೆ ಬೇಕಾದ ಬೆಂಜ್‌ನಿಡಜೋಲ್ ಎಲ್ಲ ಔಷಧಿ ಅಂಗಡಿಗಳಲ್ಲಿ ಸಿಗುವಂಥದ್ದಲ್ಲ. ಅಂಥವನ್ನು ತರಿಸಿಕೊಳ್ಳುವ ವ್ಯವಸ್ಥೆಯನ್ನು ಜೀವಿ ಪ್ರಯೋಗಾಲಯಕ್ಕೆ ಬರುವ ಮೊದಲೇ ಮಾಡಿರಬೇಕು.

ಇನ್ನೊಂದು ಚೀಟಿ ವ್ಯಕ್ತಿಯದು. ಇದು ಗೋಪ್ಯವಾಗಿ ಸಂಸ್ಥೆಯ ವೈದ್ಯರ ಬಳಿ ಇರಲಿ. ಸಲ್ಫಾ ಔಷಧಿಗಳಿಗೆ ಅಲರ್ಜಿ ಇದೆಯೇ ಎಂಬುದು ಟಾಕ್ಸೊಪ್ಲಾಸ್ಮಾ ಚಿಕಿತ್ಸೆಗೆ ಬೇಕು. ಜಿ6ಪಿಡಿ ಕಿಣ್ವದ ಕೊರತೆ ಇದೆಯೇ ಎಂಬುದು ಪ್ರೈಮಾಕ್ವಿನ್ ಕೊಡುವ ಮೊದಲು ತಿಳಿದಿರಬೇಕು. ಗುಲ್ಮ (ಸ್ಪ್ಲೀನ್) ತೆಗೆದವರಿಗೆ ಮಲೇರಿಯಾ, ಅದರಂತೆಯೇ ಕೆಂಪು ರಕ್ತಕಣಗಳಲ್ಲಿ ಬೆಳೆಯುವ ಬೆಬೀಸಿಯಾ ಎರಡೂ ತೀವ್ರವಾಗುತ್ತವೆ. ಗರ್ಭಿಣಿಯರು ಮತ್ತು ರೋಗನಿರೋಧಕ ಶಕ್ತಿ ಕುಗ್ಗಿದವರು ಜೀವಂತ ಟಾಕ್ಸೊಪ್ಲಾಸ್ಮಾದ ಕೆಲಸದಿಂದ ದೂರ ಇರುವುದು ಒಳ್ಳೆಯದು, ಅದರಲ್ಲೂ ಹಿಂದೆ ಆ ಸೋಂಕು ಆಗಿಲ್ಲದವರು. ಇದನ್ನು ಕೇಳುವ ರೀತಿಯಲ್ಲಿ ಸೂಕ್ಷ್ಮತೆ ಬೇಕು: ಗರ್ಭಧಾರಣೆಯ ಸುದ್ದಿಯನ್ನು ಮುಖ್ಯಸ್ಥರಿಗೆ ಹೇಳಬೇಕಾದ ಒತ್ತಡ ಇಲ್ಲದೆ, ವೈದ್ಯರ ಮೂಲಕವೇ ಕೆಲಸ ಬದಲಾಯಿಸಿಕೊಳ್ಳುವ ದಾರಿ ಇರಲಿ.

ಮೂರನೆಯ ಹೆಜ್ಜೆ: ಮೊದಲ ದಿನದ ಸೀರಮ್

ಕೆಲಸಕ್ಕೆ ಸೇರಿದ ವಾರದಲ್ಲೇ, ಪರಾವಲಂಬಿ ಮುಟ್ಟುವ ಮೊದಲು, ರಕ್ತ ತೆಗೆಸಿ ಸೀರಮ್ ಅನ್ನು, ಎಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವವನ್ನು, ಬೇರ್ಪಡಿಸಿ ಶೈತ್ಯೀಕರಿಸಿ ಇಡಿ. ಮುಂದೆ ಎಂದಾದರೂ ಟಾಕ್ಸೊಪ್ಲಾಸ್ಮಾದ ಪ್ರತಿಕಾಯ ಸಿಕ್ಕಿದರೆ ಅದು ಬಾಲ್ಯದ ಸೋಂಕೋ ಕಳೆದ ತಿಂಗಳ ಸೂಜಿಯೋ ಎಂದು ಹೇಳಲು ಬೇರೆ ಉಪಾಯ ಕಡಿಮೆ. ವರ್ಷಕ್ಕೊಮ್ಮೆಯಾದರೂ ಹೊಸ ಮಾದರಿ ಸೇರಿಸುತ್ತ ಹೋಗಿ. ಈ ಜೀವಿಗಳಿಂದ ಪ್ರಯೋಗಾಲಯದವರನ್ನು ಕಾಯಲೆಂದು ಹಾಕುವ ಲಸಿಕೆ ಇಲ್ಲವಾದ್ದರಿಂದ ಹಳೆಯ ಸೀರಮ್ಮೇ ನಿಮ್ಮ ಸಾಕ್ಷಿ.

ನಾಲ್ಕನೆಯ ಹೆಜ್ಜೆ: ದಾರಿಗಳನ್ನು ಒಂದೊಂದಾಗಿ ಮುಚ್ಚಿ

ಸೂಜಿಯಿಂದ ಆರಂಭಿಸಿ. ಈ ಕೆಲಸಕ್ಕೆ ಸೂಜಿ ನಿಜವಾಗಿ ಬೇಕೇ ಎಂದು ಕೇಳಿಕೊಳ್ಳಿ. ಕಲ್ಚರ್‌ನಿಂದ ದ್ರವ ತೆಗೆಯಲು, ಜೀವಕೋಶಗಳನ್ನು ಒಡೆಯಲು ಸೂಜಿ ಬಳಸುವುದು ಅಭ್ಯಾಸಬಲವಷ್ಟೇ. ಮೊಂಡು ತುದಿಯ ಕೊಳವೆ ಅಥವಾ ಪಿಪೆಟ್ ಸಾಕಾಗುತ್ತದೆ. ಗಾಜಿನ ಪಿಪೆಟ್, ಗಾಜಿನ ಕ್ಯಾಪಿಲರಿಗಳ ಬದಲು ಪ್ಲಾಸ್ಟಿಕ್ ಬಳಸಿ. ಇಲಿಗೆ ಚುಚ್ಚುವಾಗ ಒಬ್ಬರೇ ಹಿಡಿದು ಒಬ್ಬರೇ ಚುಚ್ಚುವ ಸಾಹಸ ಬೇಡ. ಇಲಿ ಒದ್ದಾಡಿದಾಗ ಸೂಜಿ ನಾಟುವುದು ಹಿಡಿದ ಕೈಗೆ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ಚೂಪು ತ್ಯಾಜ್ಯದ ಡಬ್ಬಿ ಕೈಗೆಟಕುವಲ್ಲಿ ಇರಲಿ, ಮುಕ್ಕಾಲು ತುಂಬಿದಾಗಲೇ ಬದಲಾಗಲಿ.

ಎರಡನೆಯದು ಸಿಡಿತ. ಟಾಕ್ಸೊಪ್ಲಾಸ್ಮಾ, ಟ್ರಿಪನೊಸೋಮಾ ಕ್ರೂಜಿ ಎರಡೂ ಕಣ್ಣಿನ ಪೊರೆಯ ಮೂಲಕ ಒಳಹೋಗಬಲ್ಲವು. ದ್ರವ ಸಿಡಿಯುವ ಕೆಲಸವನ್ನು, ಗಾಳಿಯನ್ನು ಸೋಸಿ ಹೊರಬಿಡುವ ಬಯೋಸೇಫ್ಟಿ ಕ್ಯಾಬಿನೆಟ್‌ನೊಳಗೆ ಮಾಡಿ, ಇಲ್ಲವೇ ಮುಖಕವಚ ಹಾಕಿ. ಸೆಂಟ್ರಿಫ್ಯೂಜ್‌ನೊಳಗೆ ಟ್ಯೂಬ್ ಒಡೆದ ಸದ್ದು ಕೇಳಿದರೆ ಯಂತ್ರ ನಿಲ್ಲಿಸಿ, ಮುಚ್ಚಳ ತೆಗೆಯದೆ ಅರ್ಧ ಗಂಟೆ ಕಾಯಿರಿ. ಮಿದುಳು ತಿನ್ನುವ ಅಮೀಬಾ ಎಂದು ಹೆಸರಾದ ನೆಗ್ಲೇರಿಯಾ ಫೌಲೆರಿಗೆ ಮೂಗೇ ದಾರಿ. ಅದರ ಕೆಲಸವನ್ನು ಕ್ಯಾಬಿನೆಟ್‌ನ ಹೊರಗೆ ಮಾಡಲೇಬಾರದು.

ಚರ್ಮದ ಮೂಲಕ ನುಗ್ಗುವವು ಬೇರೊಂದು ಗುಂಪು. ಬಸವನಹುಳುಗಳನ್ನು ಬೆಳಕಿಗಿಟ್ಟಾಗ ಹೊರಬರುವ, ಶಿಸ್ಟೊಸೋಮಾ ಹುಳುವಿನ ಸರ್ಕೇರಿಯಾ ಎಂಬ ಈಜುವ ಮರಿಗಳು ನಿಮಿಷಗಳಲ್ಲಿ ಚರ್ಮ ಕೊರೆದು ಒಳಸೇರುತ್ತವೆ. ತೋಳು ಮುಚ್ಚುವ ಉಡುಪು, ಅದರ ತುದಿಯ ಮೇಲೆ ಬರುವಷ್ಟು ಉದ್ದದ ಕೈಗವಸು ಬೇಕು. ಬಸವನಹುಳುವಿನ ತೊಟ್ಟಿಯ ನೀರನ್ನು ಬಿಸಿ ಮಾಡದೆ ಅಥವಾ ಹೈಪೋಕ್ಲೋರೈಟ್ (ಬ್ಲೀಚ್) ಹಾಕದೆ ಚರಂಡಿಗೆ ಬಿಡಬಾರದು. ಕೊಕ್ಕೆಹುಳು, ಸ್ಟ್ರಾಂಗೈಲಾಯ್ಡಿಸ್‌ಗಳ ಮಲ ಕಲ್ಚರ್‌ನಲ್ಲಿ ಸೋಂಕು ತರುವ ಮರಿಗಳು ಕೆಲವೇ ದಿನಗಳಲ್ಲಿ ತಯಾರಾಗುತ್ತವೆ, ಮತ್ತು ಅವು ತೇವವಿರುವ ಕಡೆ ಹತ್ತುತ್ತವೆ. ಅಗರ್ ತಟ್ಟೆಯ ಅಂಚಿಗೆ ಟೇಪ್ ಸುತ್ತಿ. ಮುಚ್ಚಳ ತೆಗೆಯುವ ಮೊದಲು ಅದರಲ್ಲಿ ಸಣ್ಣ ತೂತು ಮಾಡಿ ಫಾರ್ಮಲಿನ್ ಸುರಿದು ಮರಿಗಳನ್ನು ಕೊಲ್ಲಿರಿ.

ಬಾಯಿಯ ದಾರಿಯ ಬಗ್ಗೆ ಎಲ್ಲರಿಗೂ ಗೊತ್ತು: ತಿನ್ನಬೇಡಿ, ಕುಡಿಯಬೇಡಿ, ಬಾಯಿಂದ ಪಿಪೆಟ್ ಎಳೆಯಬೇಡಿ. ಮೊಬೈಲ್ ಮಾತ್ರ ಕೈಗವಸಿನ ಕೈಯಲ್ಲೇ ಓಡಾಡುತ್ತಿರುತ್ತದೆ.

ಸೊಳ್ಳೆಗಳ ಕೋಣೆಗೆ ಎರಡು ಬಾಗಿಲು, ತಿಳಿಬಣ್ಣದ ಗೋಡೆ, ಒಳಹೋದ ಮತ್ತು ಹೊರಬಂದ ಸೊಳ್ಳೆಗಳ ಎಣಿಕೆ. ಲೆಕ್ಕ ತಾಳೆಯಾಗದಿದ್ದರೆ ಸಿಗುವವರೆಗೂ ಬಾಗಿಲು ತೆರೆಯಬೇಡಿ.

ಸೋಂಕಿಲ್ಲದೆಯೇ ಬರುವ ಒಂದು ಕಾಟವೂ ಇದೆ. ಹಂದಿಯ ಜಂತುಹುಳುವನ್ನು ಸೀಳುವ ಕೆಲಸ ಮಾಡುವ ಕೆಲವರಿಗೆ ಅದರ ದ್ರವಕ್ಕೆ ತೀವ್ರ ಅಲರ್ಜಿ ಬೆಳೆಯುತ್ತದೆ: ಸೀನು, ದದ್ದು, ಉಬ್ಬಸ. ಒಮ್ಮೆ ಬಂದರೆ ಪ್ರತಿ ಸಲವೂ ಹೆಚ್ಚಾಗುತ್ತದೆ. ಅಂಥವರು ಆ ಕೆಲಸವನ್ನು ಬಿಡಬೇಕಾಗಬಹುದು, ಹಟ ಮಾಡಿ ಫಲವಿಲ್ಲ.

ಐದನೆಯ ಹೆಜ್ಜೆ: ಕೊಲ್ಲುವುದನ್ನೇ ಬಳಸಿ

ರಕ್ತದಲ್ಲಿ, ಕಲ್ಚರ್‌ನಲ್ಲಿ ಈಜಾಡುವ ಏಕಕೋಶಿಗಳು ದುರ್ಬಲ. 70 ಶೇಕಡಾ ಆಲ್ಕೋಹಾಲ್, ಆ ದಿನವೇ ತಯಾರಿಸಿದ ಹೈಪೋಕ್ಲೋರೈಟ್ ಎರಡಕ್ಕೂ ಸಾಯುತ್ತವೆ. ಕಷ್ಟ ಶುರುವಾಗುವುದು ಸಿಸ್ಟ್, ಊಸಿಸ್ಟ್, ಮೊಟ್ಟೆಗಳಲ್ಲಿ. ಟಾಕ್ಸೊಪ್ಲಾಸ್ಮಾದ ಊಸಿಸ್ಟ್‌ಗಳನ್ನು ಪ್ರಯೋಗಾಲಯಗಳು ಕಾಪಿಡುವುದೇ 2 ಶೇಕಡಾ ಸಲ್ಫ್ಯೂರಿಕ್ ಆಮ್ಲದಲ್ಲಿ. ಕ್ರಿಪ್ಟೊಸ್ಪೊರಿಡಿಯಂ ಅನ್ನು ಕಾಪಿಡುವುದು 2.5 ಶೇಕಡಾ ಪೊಟ್ಯಾಸಿಯಂ ಡೈಕ್ರೊಮೇಟ್‌ನಲ್ಲಿ. ಆಮ್ಲದಲ್ಲಿ ಬದುಕುವುದರ ಮೇಲೆ ಬ್ಲೀಚ್ ಸಿಂಪಡಿಸಿ ಮೇಜು ಶುದ್ಧವಾಯಿತು ಎಂದುಕೊಳ್ಳುವುದು ಸಮಾಧಾನಕ್ಕೆ ಮಾತ್ರ. ಕ್ರಿಪ್ಟೊಸ್ಪೊರಿಡಿಯಂಗೆ 6 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಕೆಲಸ ಮಾಡುತ್ತದೆ. ಟಾಕ್ಸೊಪ್ಲಾಸ್ಮಾದ ಊಸಿಸ್ಟ್‌ಗೆ ಶಾಖವೇ ಸರಿ. ಫಾರ್ಮಲಿನ್‌ನಲ್ಲಿಟ್ಟ ಮಲದಲ್ಲೂ ಜಂತುಹುಳುವಿನ ಮೊಟ್ಟೆ ಬೆಳೆಯುತ್ತ ಹೋಗಬಲ್ಲದು, ಹಾಗಾಗಿ ಹಳೆಯ ಬಾಟಲಿಗಳನ್ನೂ ಬರಿಗೈಯಲ್ಲಿ ಮುಟ್ಟಬೇಡಿ. ನಾಯಿ, ನರಿಗಳ ಕರುಳಿನಲ್ಲಿರುವ ಎಕಿನೊಕಾಕಸ್‌ನ ಮೊಟ್ಟೆಗೆ ಆಲ್ಕೋಹಾಲೂ ಮೈನಸ್ 20 ಡಿಗ್ರಿಯ ಫ್ರೀಜರೂ ಲೆಕ್ಕಕ್ಕಿಲ್ಲ. ಮಾದರಿಯನ್ನು ಹಲವು ದಿನ ಮೈನಸ್ 80 ಡಿಗ್ರಿಯಲ್ಲಿಟ್ಟ ನಂತರವೇ ತೆರೆಯುವುದು ಪದ್ಧತಿ. ಅನುಮಾನವಿದ್ದಾಗ ಆಟೋಕ್ಲೇವ್ ಮಾಡಿ. 121 ಡಿಗ್ರಿಯ ಹಬೆಗೆ ಬಗ್ಗದ ಪರಾವಲಂಬಿ ಇಲ್ಲ.

ಆರನೆಯ ಹೆಜ್ಜೆ: ಆದ ಕ್ಷಣದಲ್ಲಿ

ಕೆಲಸ ನಿಲ್ಲಿಸಿ. ಕೈಗವಸು ತೆಗೆದು ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಹಿಂಡಬೇಡಿ, ಕೊಯ್ಯಬೇಡಿ, ಗಾಯದೊಳಗೆ ಬ್ಲೀಚ್ ಹಾಕಬೇಡಿ. ಕಣ್ಣಿಗೆ ಸಿಡಿದಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಅಷ್ಟೇ ಹೊತ್ತು ನೀರು ಹರಿಸಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಿರಿ. ಸರ್ಕೇರಿಯಾ ಇರುವ ನೀರು ಚರ್ಮಕ್ಕೆ ಬಿದ್ದಾಗ ಮಾತ್ರ ಕ್ರಮ ಬೇರೆ: ಮೊದಲು ತಕ್ಷಣ ಒರೆಸಿ ಒಣಗಿಸಿ, 70 ಶೇಕಡಾ ಆಲ್ಕೋಹಾಲ್ ಹಚ್ಚಿ, ಆಮೇಲೆ ತೊಳೆಯಿರಿ. ತೇವವಿರುವಷ್ಟು ಹೊತ್ತೂ ಅವು ಒಳಸೇರುತ್ತಲೇ ಇರುತ್ತವೆ.

ನಂತರ ಹೇಳಿ. ಸಣ್ಣದು, ರಕ್ತವೂ ಬಂದಿಲ್ಲ ಎಂದು ಸುಮ್ಮನಾಗುವವರೇ ಹೆಚ್ಚು. ಸಮಯ, ಸೂಜಿಯ ಅಳತೆ, ಎಷ್ಟು ಆಳ, ದ್ರವದಲ್ಲಿ ಅಂದಾಜು ಎಷ್ಟು ಪರಾವಲಂಬಿ ಇತ್ತು ಎಂಬುದನ್ನು ಆಗಲೇ ಬರೆಯಿರಿ. ಆ ಟ್ಯೂಬನ್ನು ಎಸೆಯಬೇಡಿ, ಅದರಲ್ಲಿದ್ದವು ಜೀವಂತವಾಗಿದ್ದವೇ ಎಂದು ನೋಡಬೇಕು. ವರದಿ ಮಾಡಿದವರನ್ನು ಗದರಿಸುವ ಮುಖ್ಯಸ್ಥರಿದ್ದಲ್ಲಿ ಮುಂದಿನ ವರದಿ ಬರುವುದಿಲ್ಲ, ಜ್ವರ ಮಾತ್ರ ಬರುತ್ತದೆ.

ಏಳನೆಯ ಹೆಜ್ಜೆ: ವೈದ್ಯರೊಂದಿಗೆ

ಚೀಟಿ ಕೊಡಿ. ಔಷಧಿ ಈಗಲೇ ಕೊಡಬೇಕೋ, ಕಾದು ನೋಡಬೇಕೋ ಎಂಬುದು ಜೀವಿಯ ಮೇಲೆ ನಿಂತಿದೆ. ಟ್ರಿಪನೊಸೋಮಾ ಕ್ರೂಜಿ ಖಚಿತವಾಗಿ ಒಳಹೋಗಿದ್ದರೆ ಲಕ್ಷಣಕ್ಕಾಗಿ ಕಾಯದೆ ಬೆಂಜ್‌ನಿಡಜೋಲ್ ಅಥವಾ ನಿಫರ್ಟಿಮಾಕ್ಸ್ ಆರಂಭಿಸುವುದು ತಜ್ಞರ ಒಲವು. ಬಿಟ್ಟರೆ ಹೃದಯಕ್ಕೆ ಆಗುವ ಹಾನಿ ದಶಕಗಳ ನಂತರ ಕಾಣಿಸಬಹುದು. ಟಾಕ್ಸೊಪ್ಲಾಸ್ಮಾಕ್ಕೆ ಪೈರಿಮೆಥಮಿನ್, ಸಲ್ಫಾಡಯಜಿನ್, ಅವುಗಳ ಜೊತೆ ಫೋಲಿನಿಕ್ ಆಮ್ಲ. ಶಿಸ್ಟೊಸೋಮಾದಲ್ಲಿ ಅವಸರಕ್ಕೆ ಬೆಲೆಯಿಲ್ಲ: ಪ್ರಾಜಿಕ್ವಾಂಟಲ್ ಬೆಳೆದ ಹುಳುಗಳನ್ನು ಕೊಲ್ಲುತ್ತದೆ, ಎಳೆಯವನ್ನು ಸರಿಯಾಗಿ ಕೊಲ್ಲುವುದಿಲ್ಲ, ಆದ್ದರಿಂದ ಚಿಕಿತ್ಸೆಯನ್ನು ಆರರಿಂದ ಎಂಟು ವಾರದ ಬಳಿಕ ಕೊಡಬೇಕು ಅಥವಾ ಆಗ ಮತ್ತೊಮ್ಮೆ ಕೊಡಬೇಕು.

ವೈವ್ಯಾಕ್ಸ್ ಮಲೇರಿಯಾದಲ್ಲಿ ಹಂತದ ಮಾತು ಮತ್ತೆ ಬರುತ್ತದೆ. ಸೊಳ್ಳೆ ಕಚ್ಚಿ ಬಂದದ್ದಾದರೆ ಪರಾವಲಂಬಿ ಯಕೃತ್ತಿನಲ್ಲಿ ಅಡಗಿ ಕೂರುತ್ತದೆ, ಅದನ್ನು ಕಿತ್ತುಹಾಕಲು ಪ್ರೈಮಾಕ್ವಿನ್‌ನಂಥ ಔಷಧಿ ಬೇಕು. ಸೋಂಕಿತ ರಕ್ತದ ಸೂಜಿಯಿಂದ ಬಂದದ್ದಾದರೆ ಯಕೃತ್ತಿನ ಹಂತವೇ ಇಲ್ಲ, ಆ ಔಷಧಿಯೂ ಬೇಡ. ಸಾಮಾನ್ಯ ರೋಗಿಗೆ ಬರೆಯುವಂತೆ ಬರೆದುಬಿಡಬಹುದಾದ ಔಷಧಿ ಅದು, ಆದ್ದರಿಂದ ಇದನ್ನು ನೀವೇ ನೆನಪಿಸಿ.

ಫಾಲ್ಸಿಪೇರಮ್ ಅನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ಮನುಷ್ಯರ ಕೆಂಪು ರಕ್ತಕಣಗಳಲ್ಲಿ. ಹೀಗಾಗಿ ಎಲ್ಲರೂ ಮಲೇರಿಯಾದ ಬಗ್ಗೆಯೇ ಯೋಚಿಸುತ್ತಿರುವಾಗ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮರೆತುಹೋಗುತ್ತವೆ. ಎಚ್‌ಐವಿ ತಡೆಯುವ ಔಷಧಿ ಬೇಕಾದರೆ ಅದನ್ನು 72 ಗಂಟೆಯೊಳಗೆ ಆರಂಭಿಸಬೇಕು. ಬಳಸಿದ ರಕ್ತ ಪರೀಕ್ಷೆಯಾದದ್ದೇ ಎಂಬ ಉತ್ತರ ಚೀಟಿಯಲ್ಲೇ ಇರಲಿ.

ಎಂಟನೆಯ ಹೆಜ್ಜೆ: ನಿಗಾ

ದಿನವೂ ಮೈಯುಷ್ಣತೆ ನೋಡಿ ಬರೆಯಿರಿ. ಸೋಂಕಿತ ರಕ್ತದಿಂದ ಬಂದ ಮಲೇರಿಯಾ ಕೆಲವೇ ದಿನಗಳಲ್ಲೂ ಕಾಣಿಸಬಹುದು, ಎರಡು ವಾರ ದಾಟಿಯೂ ಬರಬಹುದು. ಜ್ವರ ಬಂದ ದಿನವೇ ರಕ್ತ ಲೇಪನ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಆಗಬೇಕು, ಒಂದು ಲೇಪನದಲ್ಲಿ ಕಾಣದಿದ್ದರೆ ಮತ್ತೆ ನೋಡಬೇಕು. ಟಾಕ್ಸೊಪ್ಲಾಸ್ಮಾದಲ್ಲಿ ಒಂದೆರಡು ವಾರದೊಳಗೆ ಜ್ವರ, ತಲೆನೋವು, ಊದಿದ ಗ್ರಂಥಿಗಳು. ಟ್ರಿಪನೊಸೋಮಾ ಕ್ರೂಜಿಗೆ ಮೊದಲ ತಿಂಗಳು ವಾರಕ್ಕೊಮ್ಮೆಯಾದರೂ ರಕ್ತದಲ್ಲಿ ಪರಾವಲಂಬಿಯನ್ನೇ ಹುಡುಕಬೇಕು. ಪ್ರತಿಕಾಯ ಏಳುವವರೆಗೆ ಕಾಯುವುದು ತಡ. ಲೀಶ್ಮೇನಿಯಾದ ಹುಣ್ಣು ಸೂಜಿ ಚುಚ್ಚಿದ ಜಾಗದಲ್ಲಿ ವಾರಗಳು, ಕೆಲವೊಮ್ಮೆ ತಿಂಗಳುಗಳ ನಂತರ ಏಳುತ್ತದೆ. ಆಗ ಅಪಘಾತ ಮರೆತೇ ಹೋಗಿರುತ್ತದೆ, ಚರ್ಮದ ವೈದ್ಯರು ಮುಲಾಮು ಬರೆಯುತ್ತಾರೆ. ಗಾಯವಾದ ಜಾಗದ ಫೋಟೊ ತೆಗೆದು ದಿನಾಂಕದೊಂದಿಗೆ ಕಡತದಲ್ಲಿಡಿ.

ಸ್ಟ್ರಾಂಗೈಲಾಯ್ಡಿಸ್ ಮಾತ್ರ ನಿಗಾದ ಎಲ್ಲ ಲೆಕ್ಕವನ್ನೂ ಮೀರುತ್ತದೆ. ಅದು ದೇಹದೊಳಗೇ ಮತ್ತೆ ಮತ್ತೆ ಸೋಂಕು ಮಾಡಿಕೊಳ್ಳುತ್ತ ದಶಕಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಯಾವತ್ತೋ ಬೇರೆ ಕಾಯಿಲೆಗೆ ಸ್ಟೀರಾಯ್ಡ್ ಕೊಟ್ಟಾಗ ಮರಿಗಳು ಮೈಯೆಲ್ಲ ಹರಡಿ ಜೀವಕ್ಕೇ ಅಪಾಯ ತರುತ್ತವೆ. ಈ ಹುಳುವಿನೊಂದಿಗೆ ಕೆಲಸ ಮಾಡಿದವರು ಪ್ರಯೋಗಾಲಯ ಬಿಡುವಾಗ ಒಮ್ಮೆ ಪ್ರತಿಕಾಯ ಪರೀಕ್ಷೆ ಮಾಡಿಸಿಕೊಳ್ಳಬೇಕು, ಮೊದಲ ದಿನದ ಸೀರಮ್ ಜೊತೆಗೇ, ಒಂದೇ ಕಿಟ್‌ನಲ್ಲಿ, ಒಂದೇ ದಿನ. ಬೇರೆ ಬೇರೆ ವರ್ಷ, ಬೇರೆ ಬೇರೆ ಕಿಟ್‌ಗಳಲ್ಲಿ ಬಂದ ಅಂಕಿಗಳನ್ನು ಹೋಲಿಸಲು ಆಗುವುದಿಲ್ಲ. ಮುಂದೆ ಸ್ಟೀರಾಯ್ಡ್ ಬರೆಯುವ ಯಾವ ವೈದ್ಯರಿಗೂ ಈ ಹುಳುವಿನ ಕೆಲಸ ಮಾಡಿದ್ದೆ ಎಂದು ಮೊದಲೇ ಹೇಳಬೇಕು.